ಕರೆಯದೆ ಬರುವ ಬಾಬಯ್ಯ

ನನ್ನದು ಶಿಡ್ಲಘಟ್ಟದಲ್ಲಿ ಮೈಕ್ ಸೆಟ್ ಅಂಗಡಿ. ಹೆಸರು ಚಲಪತಿ. ನಾಮಕರಣಕ್ಕೂ ನಾನೇ, ತಿಥಿಗೂ ನಾನೇ, ಎಲೆಕ್ಷನ್ನಿಗೂ ನಾನೇ. ಬೆಳಿಗ್ಗೆ ಒಂದು ಪಾರ್ಟಿಯವರು ಎದುರು ಪಾರ್ಟಿಯವರನ್ನು ಕಳ್ಳರು ಎಂದು ಕೂಗಿದ ಹಾರ್ನಿನಲ್ಲೇ ಸಂಜೆ ಆ ಪಾರ್ಟಿಯವರು ಇವರನ್ನು ಕಳ್ಳರು ಎಂದು ಕೂಗಿದ್ದುಂಟು. ಇಬ್ಬರು ಹೇಳಿದ್ದೂ ನಿಜವೇ ಆದ್ದರಿಂದ ನನ್ನ ಹಾರ್ನು ಯಾವತ್ತೂ ಸುಳ್ಳು ಹೇಳಿಲ್ಲ ಎಂದು ತಮಾಷೆ ಮಾಡುತ್ತಿದ್ದೆ. ಈಗ ಹೇಳುವ ಸಂಗತಿ ನಡೆದ ಮೇಲೆ ಆ ತಮಾಷೆ ಬಿಟ್ಟಿದ್ದೇನೆ.

ನಾನು ಹುಟ್ಟಿದ ಊರು ಸಾದಲಿ ಹೋಬಳಿಯದು. ಕ್ಯಾಲೆಂಡರಿನಲ್ಲಿ ಮೊಹರಂ ಎಂದು ಇರುತ್ತದಲ್ಲ, ಅದನ್ನು ಅಲ್ಲಿ ಯಾರೂ ಹಾಗನ್ನುವುದಿಲ್ಲ, ಬಾಬಯ್ಯನ ಹಬ್ಬ ಅನ್ನುತ್ತಾರೆ. ಮುಸ್ಲಿಮರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಬಾಬಯ್ಯನ ಚಾವಡಿಗೆ ಸುಣ್ಣ ಹೊಡೆಯುವವರು, ಕೆಂಡದ ಗುಂಡಕ್ಕೆ ಸೌದೆ ತರುವವರು, ತಮಟೆ ಬಡಿಯುವವರು, ಹರಕೆಯ ಸಕ್ಕರೆಗೆ ಫಾತಿಹಾ ಓದಿಸುವವರು ಎಲ್ಲ ಉಳಿದವರೇ. ಪಂಜಾ ಹೊರುವವನು ಮಾತ್ರ ದಸ್ತಗಿರ್. ಪಂಜಾ ಅಂದರೆ ಉದ್ದನೆಯ ಕೋಲಿನ ತುದಿಗೆ ಹಿತ್ತಾಳೆಯ ಹಸ್ತ, ಅದಕ್ಕೆ ಬಣ್ಣದ ಬಟ್ಟೆ, ಹೂವಿನ ದಂಡೆ. ಅದೇ ನಮ್ಮ ಬಾಬಯ್ಯ. ಉಳಿದ ದಿನಗಳಲ್ಲಿ ದಸ್ತಗಿರ್ ರೇಷ್ಮೆಗೂಡಿನ ಮೂಟೆಗಳನ್ನು ಮಾರ್ಕೆಟ್ಟಿಗೆ ಸಾಗಿಸುವ ಮಾಮೂಲಿ ಮನುಷ್ಯ, ಬೀಡಿ ಸೇದುತ್ತಾನೆ, ಎತ್ತುಗಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಪಂಜಾ ಹೊತ್ತ ದಿನ ಅವನಿಗೆ ಊರಿನ ಗೌಡರೂ ದಾರಿ ಬಿಡಬೇಕು.

ಈ ಬಾಬಯ್ಯನದು ಒಂದು ಕಟ್ಟಳೆ ಇದೆ. ಅವನನ್ನು ಯಾರೂ ಮನೆಗೆ ಕರೆಯುವ ಹಾಗಿಲ್ಲ. ಹಬ್ಬದ ಹತ್ತನೆಯ ದಿನ, ಊರಾಚೆಯ ಬಾವಿಯಲ್ಲಿ ಮುಳುಗಿಸುವುದಕ್ಕೆ ಮೊದಲು, ಆ ವರ್ಷ ಯಾವ ಮನೆಯಲ್ಲಿ ಸಾವಾಗಿದೆಯೋ ಆ ಮನೆಗೆ ಅವನೇ ಬರುತ್ತಾನೆ. ಮೊದಲು ಸತ್ತವರ ಮನೆಗೆ ಮೊದಲು. ಮನೆಯ ಹಿರಿಯ ಹೆಂಗಸು ಹೊಸ್ತಿಲಲ್ಲಿ ನಿಂತು ದಸ್ತಗಿರನ ಕಾಲಿಗೆ ಚೊಂಬು ನೀರು ಸುರಿಯುತ್ತಾಳೆ. ಅವನು ನವಿಲುಗರಿಯ ಕಟ್ಟನ್ನು ಅವಳ ತಲೆಗೆ ತಾಗಿಸಿ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕುತ್ತಾನೆ. ಅಲ್ಲಿಗೆ ಆ ಮನೆಯ ದುಃಖ ಮುಗಿಯಿತು. ಅವತ್ತಿನಿಂದ ಒಲೆಯ ಮೇಲೆ ಸಿಹಿ ಇಡಬಹುದು, ಹೊಸ ಕೆಲಸ ಹಿಡಿಯಬಹುದು. ಅಲ್ಲಿಯವರೆಗೆ ಏನೂ ಇಲ್ಲ. ಸೂರ್ಯ ಮುಳುಗಿದ ಮೇಲೆ ಬಾಬಯ್ಯ ಯಾರ ಬಾಗಿಲಲ್ಲೂ ನಿಲ್ಲುವುದಿಲ್ಲ. ಅವನೇ ಏಕೆ ಬರಬೇಕು ಎಂದು ಚಿಕ್ಕವನಿದ್ದಾಗ ನಮ್ಮಮ್ಮನನ್ನು ಕೇಳಿದ್ದೆ. ತನ್ನ ಮನೆಯವರನ್ನೆಲ್ಲ ಕಳೆದುಕೊಂಡವನು ಅವನು, ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ ಅಂದಿದ್ದಳು.

ತೊಂಬತ್ತನಾಲ್ಕರ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಪೆದ್ದಮ್ಮನ ಮಗ ಮುನಿಗಂಗಪ್ಪ ಸತ್ತ. ಪೆದ್ದಮ್ಮ ನಮ್ಮ ಎದುರು ಮನೆಯಾಕೆ, ಹೆಸರೂ ಪೆದ್ದಮ್ಮ, ಊರಿಗೆಲ್ಲ ದೊಡ್ಡಮ್ಮನೂ ಹೌದು. ಮುನಿಗಂಗಪ್ಪ ಮುಂಜಾನೆ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋದವನು, ಗಿಡದ ಬುಡದಲ್ಲಿದ್ದ ಹಾವನ್ನು ತುಳಿದ. ಸಾದಲಿಯಿಂದ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಉಳಿದವರು ಪೆದ್ದಮ್ಮ ಮತ್ತು ಸೊಸೆ ಆಂಜಿನಮ್ಮ. ಆಗ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು ಹಸಿದಿದ್ದ ರೇಷ್ಮೆಹುಳುಗಳು ಸೊಪ್ಪಿಲ್ಲದೆ ತಟ್ಟೆಯಲ್ಲೇ ಸತ್ತವು. ಪೆದ್ದಮ್ಮ ತಟ್ಟೆಗಳನ್ನು ತೊಳೆದು, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಹುಳದ ಮನೆಗೆ ಬೀಗ ಹಾಕಿದಳು. ಬಾಬಯ್ಯ ಬಂದು ಹೋದ ಮೇಲೆ ತೆಗೆಯುವುದು ಅಂದಳು. ಕಾಫಿಗೆ ಸಕ್ಕರೆ ಹಾಕುವುದನ್ನೂ ನಿಲ್ಲಿಸಿದಳು.

ಅವಳಿಗೆ ಇದ್ದ ಬದುಕು ಆ ಹುಳದ ಮನೆ ಒಂದೇ. ಆದರೂ ಯಾರಿಗೂ ಇದು ವಿಪರೀತ ಅನ್ನಿಸಲಿಲ್ಲ. ಹಬ್ಬ ಹತ್ತಿರದಲ್ಲೇ ಇತ್ತು.

ಅಷ್ಟರಲ್ಲಿ ಚಿಂತಾಮಣಿಯಿಂದ ಚನ್ನಕೇಶವ ಬಂದರು. ರಸ್ತೆ ಕಂಟ್ರಾಕ್ಟು ಮಾಡಿಕೊಂಡಿದ್ದವರು, ಜಿಲ್ಲಾ ಪಂಚಾಯತಿ ಎಲೆಕ್ಷನ್ ಬರುತ್ತದೆ ಎಂಬ ಗಾಳಿ ಸುದ್ದಿಗೆ ಖಾದಿ ಹೊಲಿಸಿಕೊಂಡಿದ್ದರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ದೇಶದಲ್ಲಿ ಆದ ಗಲಾಟೆ ಎಲ್ಲರಿಗೂ ನೆನಪಿತ್ತು, ಭಾವೈಕ್ಯ ಎಂಬ ಮಾತಿಗೆ ಒಳ್ಳೆಯ ಗಿರಾಕಿ ಇತ್ತು. ನಮ್ಮೂರಿನ ಕೊಂಡಪ್ಪ ಅವರ ಬಲಗೈ. ನಮ್ಮ ಬಾಬಯ್ಯನ ವಿಷಯ ಅವರ ಕಿವಿಗೆ ಹಾಕಿದವನು ಅವನೇ. ಹತ್ತನೆಯ ದಿನ ಶಾಲೆಯ ಮುಂದೆ ವೇದಿಕೆ ಹಾಕಿಸುವುದು, ಬಾಬಯ್ಯ ಅಲ್ಲಿಗೆ ಬಂದು ಚನ್ನಕೇಶವ ಅಣ್ಣನವರ ಬಾಯಿಗೆ ಸಕ್ಕರೆ ಹಾಕುವುದು, ಚಿಕ್ಕಬಳ್ಳಾಪುರದಿಂದ ಫೋಟೋದವನು ಬರುವುದು ಎಂದು ತೀರ್ಮಾನವಾಯಿತು. ಮೈಕ್ ನನ್ನದು.

ದಸ್ತಗಿರ್ ಆಗುವುದಿಲ್ಲ ಅಂದ. ಜಗಳ ಮಾಡಲಿಲ್ಲ, ಬೀಡಿ ಆರಿಸಿ, ಕರೆದ ಕಡೆಗೆ ಬಾಬಯ್ಯ ಹೋಗಲ್ಲ, ಸಾವಾದ ಮನೆಗೆ ಮಾತ್ರ ಹೋಗುವುದು ಎಂದು ಹೇಳಿ ಎದ್ದ.

ಬೇರೆ ಊರಿನವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ, ಇಲ್ಲವೇ ಹೆದರಿಸುತ್ತಿದ್ದ. ಕೊಂಡಪ್ಪ ನಮ್ಮೂರಿನವನೇ ಆದ್ದರಿಂದ ಕಟ್ಟಳೆ ಮುರಿಯುವ ಯೋಚನೆ ಅವನ ತಲೆಗೆ ಬರಲೇ ಇಲ್ಲ. ಅವನು ಸಾವು ಹುಡುಕಲು ಹೋದ. ನಿಮ್ಮ ಕಡೆ ಯಾರಾದರೂ ಈ ವರ್ಷ ಸತ್ತಿದ್ದಾರೆಯೇ ಎಂದು ಚನ್ನಕೇಶವರನ್ನು ಕೇಳಿದ. ಅವರು ಯೋಚನೆ ಮಾಡಿ, ಗೌರಿಬಿದನೂರಿನಲ್ಲಿ ಒಬ್ಬ ಸೋದರತ್ತೆ ಇದ್ದಳು, ಅಶ್ವತ್ಥಮ್ಮ ಅಂತ, ಹೋದ ಮಳೆಗಾಲದಲ್ಲಿ ತೀರಿಕೊಂಡಳು ಅಂದರಂತೆ. ಮಣ್ಣಿಗೆ ತಾವು ಹೋಗಿರಲಿಲ್ಲ, ಟೆಂಡರ್ ಇತ್ತಂತೆ. ಸಾಕಲ್ಲ! ಕೊಂಡಪ್ಪ ತನ್ನ ಮನೆಯ ಬೀದಿ ಬದಿಯ ಕೋಣೆಯನ್ನು ಚನ್ನಕೇಶವರ ಹೆಸರಿಗೆ ಬಿಟ್ಟುಕೊಟ್ಟ. ಅದೇ ಅವರ ಮನೆ. ಅಶ್ವತ್ಥಮ್ಮನ ಫೋಟೋ ತರಿಸಿದರು. ಯಾವುದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ಭುಜದ ಮೇಲೆ ಪಕ್ಕದವರ ಕೈ ಉಳಿದುಬಿಟ್ಟಿತ್ತು. ಅದಕ್ಕೆ ಗಂಧದ ಹಾರ ಹಾಕಿದರು. ಬದುಕಿರುವಾಗ ಸೋದರಳಿಯನಿಂದ ಒಂದು ಸೀರೆ ಕಾಣದ ಹೆಂಗಸಿಗೆ ನಮ್ಮೂರಿನಲ್ಲಿ ಊದಿನಕಡ್ಡಿ ಉರಿಯಿತು.

ಊರ ಹಿರಿಯರು ಸೇರಿ ಮಾತಾಡಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಾವು ಸುಳ್ಳಲ್ಲ, ವರ್ಷದೊಳಗೇ ಆಗಿದೆ, ಮನೆ ಊರೊಳಗೇ ಇದೆ, ಇನ್ನೇನು ತಕರಾರು ಅಂದರು. ದಸ್ತಗಿರ್ ಒಪ್ಪಬೇಕಾಯಿತು. ಒಳಗೆ ಅಳುವವರು ಇದ್ದಾರೋ ಇಲ್ಲವೋ ಎಂದು ಬಾಬಯ್ಯ ಯಾವತ್ತೂ ವಿಚಾರಿಸಿ ಬಂದವನಲ್ಲ. ಅದರ ಮೇಲೆ ಅಶ್ವತ್ಥಮ್ಮ ಹೋದ ಮಳೆಗಾಲದಲ್ಲೇ ಸತ್ತವಳು, ಮುನಿಗಂಗಪ್ಪ ಸತ್ತದ್ದು ಮೊನ್ನೆ. ಕಟ್ಟಳೆಯ ಪ್ರಕಾರ ಚನ್ನಕೇಶವರ ಮನೆ ಮೊದಲು, ಪೆದ್ದಮ್ಮನದು ಆಮೇಲೆ. ಆ ವರ್ಷ ಊರಿನಲ್ಲಿ ಬೇರೆ ಸಾವಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಪಂಜಾ ಎದ್ದಿತು. ತಮಟೆ, ಲೋಬಾನದ ಹೊಗೆ, ಎಲ್ಲ ಎಂದಿನಂತೆಯೇ. ಕೊಂಡಪ್ಪನ ಕೋಣೆ ಸಣ್ಣದು, ಫೋಟೋದವನಿಗೆ ಬೆಳಕು ಸಾಲದು ಎಂದು ಅಶ್ವತ್ಥಮ್ಮನನ್ನೂ ಕುರ್ಚಿಯ ಸಮೇತ ವೇದಿಕೆಗೆ ತಂದಿದ್ದರು. ಚನ್ನಕೇಶವರು ದಸ್ತಗಿರನ ಕಾಲಿಗೆ ತಾವೇ ನೀರು ಸುರಿದರು. ನವಿಲುಗರಿ ತಲೆಗೆ ತಾಗಿದಾಗ ಅವರ ಕಣ್ಣಲ್ಲಿ ನೀರು ಬಂತು. ಹೊಗೆಯೇ ಇರಬಹುದು, ಇಲ್ಲದೆಯೂ ಇರಬಹುದು, ನನಗೆ ತಿಳಿಯದು. ಫೋಟೋದವನಿಗೆ ಸಕ್ಕರೆ ಸರಿಯಾಗಿ ಕಾಣಿಸಲಿಲ್ಲವೆಂದು ಮತ್ತೆ ಹಾಕಿಸಿದರು. ರೀಲು ಮುಗಿಯಿತು, ಬೇರೆ ರೀಲು ಹಾಕಿ ಮತ್ತೆ ಹಾಕಿಸಿದರು. ಅದಾದ ಮೇಲೆ ಭಾಷಣ. ಚಿಂತಾಮಣಿಯಿಂದ ಬಂದವರು, ಚಿಕ್ಕಬಳ್ಳಾಪುರದಿಂದ ಬಂದವರು, ಪೆರೇಸಂದ್ರದಿಂದ ಬಂದವರು ಒಬ್ಬರಾದ ಮೇಲೊಬ್ಬರು ಪರಂಪರೆ, ಸಂಸ್ಕೃತಿ ಎಂದು ನನ್ನ ಮೈಕಿಗೆ ಉಗುಳು ಹಾರಿಸಿದರು. ಬಾಬಯ್ಯ ವೇದಿಕೆಯ ಮೇಲೆಯೇ ಇರಬೇಕು, ದೊಡ್ಡವರೊಬ್ಬರು ದಾರಿಯಲ್ಲಿದ್ದಾರೆ ಅಂದ ಕೊಂಡಪ್ಪ. ದಸ್ತಗಿರ್ ಪಂಜಾ ಹಿಡಿದು ಬಿಸಿಲಲ್ಲಿ ನಿಂತೇ ಇದ್ದ. ಇಳಿಯಲು ಎರಡು ಸಲ ನೋಡಿದ, ಮೆಟ್ಟಿಲ ತುಂಬ ಜನ, ಅಲುಗುವ ಹಾಗಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಆಂಪ್ಲಿಫೈಯರ್ ಪಕ್ಕದವನಿಗೆ ಒಪ್ಪಿಸಿ ಪೆದ್ದಮ್ಮನ ಮನೆಗೆ ಓಡಿದೆ. ಬಾಗಿಲಿಗೆ ಸಾರಿಸಿ ರಂಗೋಲಿ ಇಟ್ಟಿದ್ದರು. ಪೆದ್ದಮ್ಮ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಆಂಜಿನಮ್ಮ ಹುಳದ ಮನೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಹಿಂದೆ ಕೂತಿದ್ದಳು. ಅಲ್ಲಿ ಹೊತ್ತಾಗುವ ಹಾಗಿದೆ, ನೀನೇ ಬಂದು ಒಂದು ಮಾತು ಕೇಳಿದರೆ ದಸ್ತಗಿರ್ ಇಳಿದು ಬರುತ್ತಾನೆ, ಜನ ದಾರಿ ಬಿಡುತ್ತಾರೆ ಅಂದೆ.

"ಕರೀಬಾರದು ಕಣಪ್ಪ," ಅಂದಳು ಪೆದ್ದಮ್ಮ. "ಕರೆದ್ರೆ ಬಂದಂಗಾಗಲ್ಲ."

ಆಂಜಿನಮ್ಮ ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದ ಸಿಟ್ಟು ನನಗೆ ಚೆನ್ನಾಗಿ ಕಾಣಿಸಿತು, ನನಗೂ ಅದೇ ಸಿಟ್ಟು ಬಂದಿತ್ತು. ಅಲ್ಲ, ಲೋಕವೆಲ್ಲ ತಿರುಚುತ್ತಿರುವಾಗ ಇವಳೊಬ್ಬಳೇ ನೆಟ್ಟಗೆ ನಿಂತು ಸಾಧಿಸುವುದೇನು?

ಬರಬೇಕಾದ ದೊಡ್ಡವರು ಬರಲಿಲ್ಲ. ವೇದಿಕೆಯಿಂದ ಬಾಬಯ್ಯ ಇಳಿಯುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಪಂಜಾ ಪೆದ್ದಮ್ಮನ ಬೀದಿಯಲ್ಲೇ ಹಾದು ಬಾವಿಗೆ ಹೋಯಿತು, ಬೇರೆ ದಾರಿ ಇಲ್ಲ. ದಸ್ತಗಿರ್ ಆ ಮನೆಯ ಕಡೆ ತಿರುಗಲಿಲ್ಲ. ಅವಳು ಚೊಂಬನ್ನು ಕೆಳಗೆ ಇಡಲೂ ಇಲ್ಲ, ಮುಂದೆ ಚಾಚಲೂ ಇಲ್ಲ.

ಬಾವಿಯಿಂದ ದಸ್ತಗಿರ್ ಒದ್ದೆ ಬಟ್ಟೆಯಲ್ಲೇ ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಪಂಜಾ ಇರಲಿಲ್ಲ. "ಬಾಬಯ್ಯ ನಿಲ್ಲೋಕಾಗಲಿಲ್ಲಮ್ಮ. ನಾನು ಬಂದಿದೀನಿ. ಕಾಲಿಗೆ ನೀರು ಹಾಕು," ಅಂದ. ಹಲ್ಲು ಕಟಕಟ ಅನ್ನುತ್ತಿತ್ತು.

"ನೀನು ಬಂದ್ರೆ ನೀನೇ ಬಂದಂಗಾಯ್ತು ದಸ್ತಗಿರಪ್ಪ," ಅಂದಳು. "ನನಗೋಸ್ಕರ ಕಟ್ಟಳೆ ಬಗ್ಗಿಸಿದ್ರೆ ಅವರು ಬಗ್ಗಿಸಿದ್ದೂ ಸರಿ ಅಂತ ಆಗ್ತದೆ." ಅದೇ ಚೊಂಬಿನ ನೀರನ್ನು ಅವನಿಗೆ ಕುಡಿಯಲು ಕೊಟ್ಟಳು. ಅವನು ಕುಡಿದು ಹೋದ. ಒಳಗೆ ಆಂಜಿನಮ್ಮ ಬೀಗದ ಕೈ ಬಿಚ್ಚಿ ಗೋಡೆಗೆ ಎಸೆದ ಸದ್ದು ಕೇಳಿಸಿತು.

ಕಟ್ಟಳೆಯ ಪ್ರಕಾರ ಮುಂದಿನ ವರ್ಷದ ಹಬ್ಬಕ್ಕೆ ಮುನಿಗಂಗಪ್ಪನ ಸಾವು ಹಳೆಯದಾಗುತ್ತದೆ. ಬಾಬಯ್ಯ ಹಳೆಯ ಸಾವಿಗೆ ಬರುವುದಿಲ್ಲ. ಅಂದರೆ ಆ ಬೀಗ ಯಾವತ್ತಿಗೂ ಬೀಗವೇ.

ಆ ವರ್ಷ ಪೆದ್ದಮ್ಮನ ತೋಟದ ಸೊಪ್ಪು ಬೇರೆಯವರ ಹುಳುಗಳಿಗೆ ಹೋಯಿತು. ಆಂಜಿನಮ್ಮ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕಡೆ ಕೂಲಿಗೆ ಹೋದಳು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಲಿದು ಹೋದವು. ಸಂಜೆ ಬಸ್ಸಿಗೆ ಕಾಯುತ್ತ ನನ್ನ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಒಂದು ದಿನ, ನಿಮ್ಮತ್ತೆಗೆ ನಾನೊಂದು ಮಾತು ಹೇಳಲೇ ಅಂದೆ. ಬೇಡ ಅಂದಳು. ತಾನೇ ಒಮ್ಮೆ ಬೀಗ ಒಡೆಯಲು ಕಲ್ಲು ಎತ್ತಿದ್ದಳಂತೆ, ಅತ್ತೆ ತಡೆಯಲಿಲ್ಲವಂತೆ, ಸುಮ್ಮನೆ ನೋಡಿದಳಂತೆ, ಆಗ ಇವಳು ಕಲ್ಲು ಕೆಳಗೆ ಹಾಕಿದಳಂತೆ. ಮುದುಕಿಯ ಹಟ ಎಂದು ನಾನು ಅಂದುಕೊಂಡೆ. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ.

ಎಲೆಕ್ಷನ್ ನಡೆಯಿತು, ಚನ್ನಕೇಶವರು ಗೆದ್ದರು. ಸಕ್ಕರೆಯ ಫೋಟೋ ಎಲ್ಲ ಗೋಡೆಗಳ ಮೇಲಿತ್ತು. ಮರುವರ್ಷ ಹಬ್ಬಕ್ಕೆ ಮೊದಲೇ ಊರ ಬಾಗಿಲಿಗೆ ಬಟ್ಟೆಯ ಬ್ಯಾನರ್ ಬಂತು. ಮುನ್ನೂರು ವರ್ಷಗಳ ಪರಂಪರೆಯ ಭಾವೈಕ್ಯ ಉತ್ಸವ ಎಂದು ಬರೆಸಿದ್ದರು. ಮುನ್ನೂರು ಎಲ್ಲಿಂದ ಬಂತು ಎಂದು ಕೊಂಡಪ್ಪನನ್ನು ಕೇಳಿದೆ. ನೂರು ಅಂದರೆ ಕಮ್ಮಿ ಆಗುತ್ತೆ ಅಂದ. ಅಶ್ವತ್ಥಮ್ಮ ಸತ್ತು ಎರಡನೆಯ ಮಳೆಗಾಲ ಬಂದಿದ್ದರೂ ಅವಳ ಫೋಟೋ ಮತ್ತೆ ವೇದಿಕೆ ಏರಿತು. ಈ ವರ್ಷ ಯಾರ ಮನೆಯಲ್ಲಿ ಸಾವಾಗಿದೆ ಎಂದು ಯಾರೂ ಕೇಳಲಿಲ್ಲ. ಬಾಬಯ್ಯ ಶಾಲೆಯ ಮುಂದಕ್ಕೆ ಹೋಗುವುದೇ ಕಟ್ಟಳೆಯಾಗಿತ್ತು.

ದಸ್ತಗಿರ್ ಈ ಸಲ ಪಂಜಾ ಹೊರಲಿಲ್ಲ. ಮಂಡಿ ನೋವು ಅಂದ. ಮಂಡಿ ನೋವಿನವನು ಹಿಂದಿನ ದಿನ ಗೂಡಿನ ಮೂಟೆ ಹೊತ್ತದ್ದನ್ನು ನಾನೇ ನೋಡಿದ್ದೆ. ಕೊಂಡಪ್ಪ ದಸ್ತಗಿರನ ಅಕ್ಕನ ಮಗ ಲಾಲ್ ಬಾಷಾನನ್ನು ಶಿಡ್ಲಘಟ್ಟದಿಂದ ಕರೆಸಿದ. ಕರೆದರೆ ಬರುವ ಬಾಬಯ್ಯನಿಗೆ ಕರೆದರೆ ಬರುವ ಹೊರುವವನು.

ಒಂದು ಹಾರ್ನನ್ನು ಬಾಬಯ್ಯನ ಚಾವಡಿಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದೆ. ಅದು ಗೊರಗೊರ ಅನ್ನುತ್ತಿದೆ ಎಂದು ನೋಡಲು ಬಂದೆ. ಪಂಜಾ, ಜನ, ತಮಟೆ ಎಲ್ಲ ಶಾಲೆಯ ಹತ್ತಿರ ಹೋಗಿಯಾಗಿತ್ತು. ಚಾವಡಿಯ ಬಾಗಿಲು ತೆರೆದಿತ್ತು, ಒಳಗೆ ಪಂಜಾ ನಿಲ್ಲಿಸುವ ಕಟ್ಟೆ ಖಾಲಿ, ಉದುರಿದ ಹೂವು. ಹೊಸ್ತಿಲ ಮೇಲೆ ದಸ್ತಗಿರ್ ಒಬ್ಬನೇ ತಲೆ ತಗ್ಗಿಸಿ ಕೂತಿದ್ದ. ಬೀಡಿಯನ್ನೂ ಹಚ್ಚಿರಲಿಲ್ಲ.

ಹಾರ್ನಿನಲ್ಲಿ ಚನ್ನಕೇಶವರ ಧ್ವನಿ ಬಂತು. ಹೋದ ವರ್ಷ ಕಾರಣಾಂತರದಿಂದ ಬಾಬಯ್ಯನ ಆಶೀರ್ವಾದ ತಪ್ಪಿದ ನಮ್ಮ ತಾಯಿ ಪೆದ್ದಮ್ಮನವರು ವೇದಿಕೆಗೆ ಬರಬೇಕು, ನಾವೇ ಸ್ವಂತ ಕೈಯಿಂದ ಅವರ ಬಾಯಿಗೆ ಸಕ್ಕರೆ ಹಾಕುತ್ತೇವೆ ಎಂದು ಕರೆದರು. ಜನ ಚಪ್ಪಾಳೆ ತಟ್ಟಿದರು. ಬರಬೇಕು, ಬರಬೇಕು ಎಂದು ಕೊಂಡಪ್ಪ ಮೈಕ್ ಕಿತ್ತುಕೊಂಡು ಕೂಗಿದ. ನನ್ನದೇ ಹಾರ್ನು, ನನ್ನ ತಲೆಯ ಮೇಲೆಯೇ ಕೂಗುತ್ತಿತ್ತು.

ಪೆದ್ದಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ಅಯ್ಯೋ, ಕೊನೆಗೆ ಇವಳೂ ಹೊರಟಳಲ್ಲ ಎಂದುಕೊಂಡೆ. ಒಂದು ವರ್ಷ ಅವಳ ಹಟವನ್ನು ಬೈದುಕೊಂಡವನು ನಾನೇ, ಈಗ ಅವಳು ಸೋತಳು ಎಂದು ದುಃಖಪಟ್ಟವನೂ ನಾನೇ. ಹಿಂದೆ ಆಂಜಿನಮ್ಮ ಬರುತ್ತಿದ್ದಳು. ಶಾಲೆಗೆ ಎಡಕ್ಕೆ ತಿರುಗಬೇಕು. ಪೆದ್ದಮ್ಮ ತಿರುಗಲಿಲ್ಲ, ನೇರ ಚಾವಡಿಗೆ ಬಂದಳು.

ದಸ್ತಗಿರ್ ತಲೆ ಎತ್ತಿದ. "ಇಲ್ಲೇನಿದೆಯಮ್ಮ? ಬಾಬಯ್ಯ ಅಲ್ಲಿಗೆ ಹೋದ," ಅಂದ.

"ಗೊತ್ತಪ್ಪ," ಅಂದಳು. "ಈ ವರ್ಷ ಸಾವಾಗಿರೋದು ಬಾಬಯ್ಯನ ಮನೇಲೇ ಅಲ್ವಾ? ಸಾವಾದ ಮನೆಗೆ ಕರೀದೇ ಇದ್ರೂ ಹೋಗ್ಬೇಕು. ಅದಕ್ಕೆ ಬಂದೆ."

ಪೆದ್ದಮ್ಮ ನನ್ನ ಕಡೆ ತಿರುಗಿ, "ಚಲಪತೀ, ಆ ಬಾಯಿ ಒಂಚೂರು ಮುಚ್ಚಪ್ಪ," ಅಂದಳು.

ನಾನು ವೈರ್ ಎಳೆದುಬಿಟ್ಟೆ. ಪೆದ್ದಮ್ಮನವರು ಎಲ್ಲಿದ್ದರೂ ಎಂಬಲ್ಲಿಗೆ ಹಾರ್ನು ನಿಂತಿತು. ಬೀದಿ ತಣ್ಣಗಾಯಿತು.

ಅವಳು ಅವನ ಕಾಲಿಗೆ ನೀರು ಸುರಿದಳು. ಮುಷ್ಟಿ ಬಿಚ್ಚಿ ಒಂದು ಚಿಟಿಕೆ ಸಕ್ಕರೆಯನ್ನು ಅವನ ಬಾಯಿಗೆ ಹಾಕಿದಳು. ನವಿಲುಗರಿ ಅಲ್ಲಿರಲಿಲ್ಲ, ಲಾಲ್ ಬಾಷಾ ಒಯ್ದಿದ್ದ. ತನ್ನ ಸೆರಗಿನ ತುದಿಯನ್ನೇ ಅವನ ತಲೆಗೆ ತಾಗಿಸಿದಳು. ಎತ್ತುಗಳನ್ನು ಬೈಯುತ್ತ ಊರೂರು ತಿರುಗುವ ಆ ಮನುಷ್ಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಅತ್ತ. ಪೆದ್ದಮ್ಮ ಅವನ ಪಕ್ಕದಲ್ಲಿ ಕೂತಳು. ಮಗ ಸತ್ತಾಗಿನಿಂದ ನಾಲ್ಕು ಜನರೆದುರು ಅಳದವಳು, ಆಗ ಅವಳೂ ಅತ್ತಳು. ಇಬ್ಬರ ನಡುವೆ ಬಾಬಯ್ಯ ಎಂಬ ಮಾತೂ ಬರಲಿಲ್ಲ, ಮುನಿಗಂಗಪ್ಪ ಎಂಬ ಮಾತೂ ಬರಲಿಲ್ಲ. ಆಮೇಲೆ ದಸ್ತಗಿರ್ ಅವಳ ಅಂಗೈಯಲ್ಲಿ ಉಳಿದಿದ್ದ ಸಕ್ಕರೆಯಿಂದ ಒಂದು ಚಿಟಿಕೆ ತೆಗೆದ. ಅವಳು ಬಾಯಿ ತೆರೆದಳು.

ಕೊಂಡಪ್ಪ ಏದುಸಿರು ಬಿಡುತ್ತ ಬಂದು, ಈ ಬದಿಯ ಹಾರ್ನ್ ಯಾಕೆ ನಿಂತಿತು, ಅಣ್ಣನವರು ಬೇಜಾರು ಮಾಡಿಕೊಂಡಿದ್ದಾರೆ ಎಂದು ನನ್ನನ್ನು ಗದರಿದ. ಅಲ್ಲಿದ್ದವರನ್ನು ಅವನು ನೋಡಲೇ ಇಲ್ಲ. ವೈರ್ ಲೂಸ್ ಆಗಿದೆ, ಇವತ್ತಿಗೆ ಸರಿಹೋಗುವ ಹಾಗೆ ಕಾಣುವುದಿಲ್ಲ ಅಂದೆ.

ಮಾರನೆಯ ಬೆಳಿಗ್ಗೆ ಸಾಮಾನು ಬಿಚ್ಚಿಕೊಂಡು ಹೊರಡುವಾಗ ಪೆದ್ದಮ್ಮನ ಮನೆಯ ಮುಂದೆ ನಿಂತೆ. ಹುಳದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಹೊಸ ಸುಣ್ಣದ ಘಾಟು. ಚಂದ್ರಿಕೆಗಳು ಬಿಸಿಲಿಗೆ ಬಂದಿದ್ದವು, ಪೆದ್ದಮ್ಮ ಅವುಗಳ ಜೇಡರ ಬಲೆ ಗುಡಿಸುತ್ತಿದ್ದಳು. ಆಂಜಿನಮ್ಮ ನನಗೂ ಅತ್ತೆಗೂ ಕಾಫಿ ತಂದುಕೊಟ್ಟಳು. ಲೋಟ ಹಿಡಿದ ಅವಳ ಬೆರಳುಗಳ ತುದಿ ಇನ್ನೂ ಬೆಳ್ಳಗಿತ್ತು. ಪೆದ್ದಮ್ಮ ಪೊರಕೆ ಕೆಳಗಿಟ್ಟು ಒಂದು ಗುಟುಕು ಕುಡಿದಳು.

"ಸಕ್ಕರೆ ಜಾಸ್ತಿ ಆಯ್ತು ಕಣೇ," ಅಂದಳು ಸೊಸೆಗೆ, ಮತ್ತು ಕುಡಿದಳು.